ತಿರುವಿನಲ್ಲಿ ಪಿಕಪ್ ಟ್ರಕ್ಕು

ಸಾಮಾನು ಹೊರುವುದಕ್ಕೆಂದು ಹುಟ್ಟಿದ ವಾಹನವನ್ನು ಅಂಕುಡೊಂಕಿನ ದಾರಿಯಲ್ಲಿ ಚುರುಕಾಗಿ ಓಡುವಂತೆ ಮಾಡಬಹುದೇ? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅನೇಕ ಹವ್ಯಾಸಿಗಳು ಈ ಪ್ರಯತ್ನದಲ್ಲಿ ತೊಡಗಿದ್ದಾರೆ. ಅವರ ಕ್ರೀಡೆಗೆ ಆಟೋಕ್ರಾಸ್ ಎಂದು ಹೆಸರು. ವಿಶಾಲವಾದ ವಾಹನ ನಿಲುಗಡೆಯ ಬಯಲಿನಲ್ಲಿಯೋ ಬಳಕೆ ತಪ್ಪಿದ ವಿಮಾನನೆಲದಲ್ಲಿಯೋ ಶಂಕುಗಳನ್ನು ನಿಲ್ಲಿಸಿ ತಿರುವುಮುರುವಾದ ಹಾದಿಯೊಂದನ್ನು ಗುರುತಿಸುತ್ತಾರೆ. ಇಲ್ಲಿ ವಾಹನಗಳು ಒಂದನ್ನೊಂದು ಹಿಂದಿಕ್ಕಲು ಹೆಣಗುವುದಿಲ್ಲ. ಪ್ರತಿಯೊಂದೂ ಗಡಿಯಾರದೊಡನೆ ಸ್ಪರ್ಧಿಸುತ್ತದೆ. 1944ರಲ್ಲಿ ಸ್ಥಾಪಿತವಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಸಂಸ್ಥೆಯ ನಿಯಮದಂತೆ, ಕೆಡವಿದ ಒಂದೊಂದು ಶಂಕುವಿಗೂ 2 ಸೆಕೆಂಡುಗಳ ದಂಡ ಬೀಳುತ್ತದೆ. ಎಂಜಿನ್ನಿನ ಬಲಕ್ಕಿಂತ ತಿರುಗುವ ಸಾಮರ್ಥ್ಯಕ್ಕೇ ಇಲ್ಲಿ ಹೆಚ್ಚಿನ ಬೆಲೆ.

ಈ ಕ್ರೀಡೆಗಾಗಿ ಮಾರ್ಪಡಿಸುವ ಹಳೆಯ ಟ್ರಕ್ಕುಗಳಲ್ಲಿ 1967ರಿಂದ 1972ರವರೆಗಿನ ಷೆವರ್ಲೆ ಸಿ-10 ಪ್ರಸಿದ್ಧವಾದುದು. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಇಂಥ ಮಾರ್ಪಾಡಿನ ಹಿಂದಿರುವ ಭೌತವಿಜ್ಞಾನವನ್ನು ಪರಿಶೀಲಿಸೋಣ.

ಭಾರದ ವರ್ಗಾವಣೆ

ವಾಹನವು ತಿರುವಿನಲ್ಲಿ ಸಾಗುವಾಗ ಅದನ್ನು ವೃತ್ತದ ಕೇಂದ್ರದ ಕಡೆಗೆ ಎಳೆಯುವ ಬಲ ಒದಗುವುದು ಟೈರಿಗೂ ನೆಲಕ್ಕೂ ನಡುವಣ ಘರ್ಷಣೆಯಿಂದ. ಈ ಬಲ ವರ್ತಿಸುವುದು ನೆಲದ ಮಟ್ಟದಲ್ಲಿ; ವಾಹನದ ಜಡತ್ವ ಪ್ರಕಟವಾಗುವುದು ಗುರುತ್ವಕೇಂದ್ರದಲ್ಲಿ, ಅಂದರೆ ನೆಲದಿಂದ ಅಷ್ಟು ಎತ್ತರದಲ್ಲಿ. ಇವೆರಡೂ ಸೇರಿ ಒಂದು ಬಲಯುಗ್ಮವಾಗಿ ವಾಹನವನ್ನು ಹೊರಗಡೆಗೆ ಉರುಳಿಸಲು ಯತ್ನಿಸುತ್ತವೆ. ಅದನ್ನು ತಡೆಯಬೇಕಾದರೆ ಒಳಗಡೆಯ ಗಾಲಿಗಳ ಮೇಲಿನ ಭಾರ ಕಡಿಮೆಯಾಗಿ ಹೊರಗಡೆಯ ಗಾಲಿಗಳ ಮೇಲೆ ಅಷ್ಟೇ ಭಾರ ಹೆಚ್ಚಬೇಕು. ಇದೇ ಭಾರದ ವರ್ಗಾವಣೆ.

ಲೆಕ್ಕದ ಅನುಕೂಲಕ್ಕಾಗಿ ನಮ್ಮ ಟ್ರಕ್ಕಿನ ತೂಕ 1800 ಕಿಲೋಗ್ರಾಂ, ಎಡಬಲ ಗಾಲಿಗಳ ಅಂತರ 160 ಸೆಂಟಿಮೀಟರ್, ಗುರುತ್ವಕೇಂದ್ರದ ಎತ್ತರ 70 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ತಿರುವಿನಲ್ಲಿ ಅದರ ವೇಗೋತ್ಕರ್ಷ ಗುರುತ್ವ ವೇಗೋತ್ಕರ್ಷದ 0.8ರಷ್ಟು ಇರಲಿ. ಆಗ ವರ್ಗವಾಗುವ ಭಾರ 1800 × 0.8 × 70 ÷ 160, ಅಂದರೆ 630 ಕಿಲೋಗ್ರಾಂ. ನಿಂತಿದ್ದಾಗ ಒಂದೊಂದು ಬದಿಗೆ 900 ಕಿಲೋಗ್ರಾಂ ಇದ್ದ ಭಾರ ಈಗ ಹೊರಗಡೆ 1530, ಒಳಗಡೆ ಬರಿಯ 270 ಕಿಲೋಗ್ರಾಂ ಆಗುತ್ತದೆ.

ಈ ಲೆಕ್ಕದಲ್ಲಿ ಸ್ಪ್ರಿಂಗಿನ ಮಾತೇ ಬರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಸ್ಪ್ರಿಂಗನ್ನು ಗಡುಸುಗೊಳಿಸಿದರೆ ಭಾರದ ವರ್ಗಾವಣೆ ನಿಂತುಹೋಗುತ್ತದೆಂಬ ನಂಬಿಕೆ ಸಾಮಾನ್ಯವಾಗಿದೆ. ಅದು ಸರಿಯಲ್ಲ. ಗಡುಸಾದ ಸ್ಪ್ರಿಂಗು ಮೈ ವಾಲುವುದನ್ನು ಕುಗ್ಗಿಸುತ್ತದೆಯೇ ಹೊರತು, ಒಟ್ಟು ವರ್ಗಾವಣೆಯನ್ನು ಹೇಳಿಕೊಳ್ಳುವಷ್ಟು ಬದಲಾಯಿಸುವುದಿಲ್ಲ. ಅದನ್ನು ನಿರ್ಣಯಿಸುವವು ಮುಖ್ಯವಾಗಿ ತೂಕ, ಎತ್ತರ, ಗಾಲಿಗಳ ಅಂತರ ಮತ್ತು ವೇಗೋತ್ಕರ್ಷ ಮಾತ್ರ.

ಜಾರುವುದೋ, ಉರುಳುವುದೋ?

ಒಳಗಡೆಯ ಗಾಲಿಗಳ ಮೇಲಿನ ಭಾರ ಸೊನ್ನೆಯಾದ ಕ್ಷಣದಲ್ಲಿ ವಾಹನ ಉರುಳತೊಡಗುತ್ತದೆ. ಗಾಲಿಗಳ ಅಂತರವನ್ನು ಗುರುತ್ವಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಈ ಮಿತಿ ದೊರೆಯುತ್ತದೆ. ನಮ್ಮ ಟ್ರಕ್ಕಿಗೆ ಅದು 160 ÷ 140, ಸುಮಾರು 1.14. ಈ ಸಂಖ್ಯೆಗೆ ಸ್ಥಿರತಾಂಕ ಎನ್ನಬಹುದು. ಇದು ಕಾರುಗಳಲ್ಲಿ ಸಾಮಾನ್ಯವಾಗಿ 1.3ರಿಂದ 1.5ರವರೆಗೆ ಇರುತ್ತದೆ.

ಟೈರಿನ ಘರ್ಷಣಾಂಕ ಈ ಸ್ಥಿರತಾಂಕಕ್ಕಿಂತ ಕಡಿಮೆಯಾಗಿದ್ದರೆ ವಾಹನ ಉರುಳುವುದಕ್ಕೆ ಮೊದಲೇ ಜಾರುತ್ತದೆ. ಸಮತಟ್ಟಾದ ಬಯಲಿನಲ್ಲಿ ಜಾರಿದ ವಾಹನ ಕೆಲವು ಶಂಕುಗಳನ್ನು ಕೆಡವಿ ನಿಲ್ಲಬಹುದು. ಉರುಳಿದರೆ ಪ್ರಾಣಕ್ಕೇ ಅಪಾಯ. ಹಳೆಯ ಟ್ರಕ್ಕಿನ ಸಾಮಾನ್ಯ ಟೈರುಗಳನ್ನು ತೆಗೆದು, ಘರ್ಷಣಾಂಕ 1ನ್ನು ಮೀರುವಂಥ ಮೆದು ರಬ್ಬರಿನ ಸ್ಪರ್ಧಾ ಟೈರುಗಳನ್ನು ತೊಡಿಸಿದರೆ ಏನಾಗುತ್ತದೆ? ಜಾರುವ ಮಿತಿ ಮೇಲೇರಿ ಉರುಳುವ ಮಿತಿಯ ಸಮೀಪಕ್ಕೆ ಬರುತ್ತದೆ. ವಾಲಿದ ಮೈಯ ಗುರುತ್ವಕೇಂದ್ರ ಹೊರಗಡೆಗೆ ಸರಿಯುವುದರಿಂದ ನಿಜವಾದ ಮಿತಿ ಲೆಕ್ಕಕ್ಕಿಂತಲೂ ಕಡಿಮೆ. ಆದ್ದರಿಂದ ಎತ್ತರವನ್ನು ಇಳಿಸದೆ ಟೈರನ್ನು ಮಾತ್ರ ಉತ್ತಮಪಡಿಸುವುದು ಸುಧಾರಣೆಯಲ್ಲ, ಅಪಾಯಕ್ಕೆ ಆಹ್ವಾನ. ಎತ್ತರವೂ ಇಕ್ಕಟ್ಟೂ ಆದ ವಾಹನಗಳನ್ನು ಸಂಘಟಕರು ಸ್ಪರ್ಧೆಗೆ ಬಿಡದಿರುವುದು ಈ ಕಾರಣದಿಂದಲೇ.

ಮೊದಲನೆಯ ಕೆಲಸ

ಹೀಗಾಗಿ ಮೊದಲು ಮಾಡಬೇಕಾದುದು ಗುರುತ್ವಕೇಂದ್ರವನ್ನು ಇಳಿಸುವುದು. ಗಿಡ್ಡ ಸ್ಪ್ರಿಂಗುಗಳನ್ನು ಜೋಡಿಸಿ, ಮುಂಗಾಲಿಗಳನ್ನು ಹೊರುವ ಭಾಗವನ್ನು ಬದಲಿಸಿ ಮೈಯನ್ನು ತಗ್ಗಿಸುತ್ತಾರೆ. ಸಿ-10ರಲ್ಲಿ ಪೆಟ್ರೋಲು ತೊಟ್ಟಿ ಚಾಲಕನ ಆಸನದ ಬೆನ್ನಹಿಂದೆಯೇ ಇದೆ. ತುಂಬಿದಾಗ ಐವತ್ತು ಕಿಲೋಗ್ರಾಮಿಗೂ ಮಿಕ್ಕುವ ಈ ಭಾರವನ್ನು ಹಿಂಭಾಗದ ಚೌಕಟ್ಟಿನ ನಡುವೆ, ಸಾಮಾನಿನ ತಳಕ್ಕಿಂತ ಕೆಳಗೆ ಸ್ಥಳಾಂತರಿಸುವುದುಂಟು. ಇದರಿಂದ ಭಾರ ಕೆಳಗಿಳಿಯುತ್ತದೆ, ಹಗುರವಾದ ಹಿಂಭಾಗಕ್ಕೆ ತೂಕ ದೊರೆಯುತ್ತದೆ, ಪೆಟ್ರೋಲು ಚಾಲಕನಿಂದ ದೂರವಾಗುತ್ತದೆ.

ಒಟ್ಟಿನಲ್ಲಿ ಗುರುತ್ವಕೇಂದ್ರ 10 ಸೆಂಟಿಮೀಟರ್ ಇಳಿಯಿತೆನ್ನೋಣ. ಸ್ಥಿರತಾಂಕ 1.14ರಿಂದ 1.33ಕ್ಕೆ ಏರುತ್ತದೆ. ಮೇಲಿನ ತಿರುವಿನಲ್ಲಿಯೇ ವರ್ಗವಾಗುವ ಭಾರ 630ರಿಂದ 540 ಕಿಲೋಗ್ರಾಮಿಗೆ ಇಳಿಯುತ್ತದೆ.

ವರ್ಗಾವಣೆ ಕಡಿಮೆಯಾದರೆ ಹಿಡಿತವೂ ಹೆಚ್ಚುತ್ತದೆ. ಏಕೆಂದರೆ ಭಾರ ಹೆಚ್ಚಿದಂತೆ ಟೈರಿನ ಘರ್ಷಣಾಂಕ ಇಳಿಯುತ್ತದೆ. 450 ಕಿಲೋಗ್ರಾಂ ಭಾರದಲ್ಲಿ ಅದು 1.0, 720ರಲ್ಲಿ 0.9, 180ರಲ್ಲಿ 1.1 ಎಂದು ಭಾವಿಸೋಣ. ಎರಡು ಗಾಲಿಗಳೂ ಸಮನಾಗಿ 450 ಕಿಲೋಗ್ರಾಂ ಹೊತ್ತರೆ ಒಟ್ಟು ಹಿಡಿತ 900. ಒಂದು 720, ಇನ್ನೊಂದು 180 ಹೊತ್ತರೆ 648 ಮತ್ತು 198 ಸೇರಿ 846 ಮಾತ್ರ. ಹೊತ್ತ ಭಾರ ಒಂದೇ ಆದರೂ ಹಂಚಿಕೆಯ ಅಸಮತೆಯಿಂದ 54 ಕಿಲೋಗ್ರಾಂ ಹಿಡಿತ ನಷ್ಟವಾಯಿತು.

ಸ್ಪ್ರಿಂಗು ಮತ್ತು ಷಾಕ್ ಅಬ್ಸಾರ್ಬರು

ಪಿಕಪ್ ಟ್ರಕ್ಕಿನ ಹಿಂದಿನ ಸ್ಪ್ರಿಂಗುಗಳನ್ನು ರೂಪಿಸಿರುವುದು ತುಂಬಿದ ಸಾಮಾನಿಗಾಗಿ. ಸ್ಪರ್ಧೆಯಲ್ಲಿ ಓಡುವುದು ಬರಿದಾದ ಟ್ರಕ್ಕು. ಸ್ಪ್ರಿಂಗಿನ ಮೇಲಿರುವ ರಾಶಿ ಕಡಿಮೆಯಾದಷ್ಟೂ ಅದರ ಕಂಪನ ಶೀಘ್ರವಾಗುತ್ತದೆ. ಹೊತ್ತ ಭಾರದಿಂದ ಸ್ಪ್ರಿಂಗು 25 ಸೆಂಟಿಮೀಟರ್ ಕುಗ್ಗಿದ್ದರೆ ಮೈ ಸೆಕೆಂಡಿಗೆ ಸುಮಾರು 1 ಸಲ ಮೇಲೆಕೆಳಗೆ ಆಡುತ್ತದೆ, 6.25 ಸೆಂಟಿಮೀಟರ್ ಮಾತ್ರ ಕುಗ್ಗಿದ್ದರೆ 2 ಸಲ. ಬರಿಯ ಟ್ರಕ್ಕಿನ ಹಿಂಭಾಗ ಸಣ್ಣ ಉಬ್ಬಿಗೂ ನೆಗೆಯುವುದೇಕೆಂಬುದು ಇದರಿಂದ ಸ್ಪಷ್ಟ. ನೆಗೆದ ಗಾಲಿಗೆ ಹಿಡಿತವಿಲ್ಲ. ಆದ್ದರಿಂದ ಬರಿದಾದ ತೂಕಕ್ಕೆ ಹೊಂದುವ ಸ್ಪ್ರಿಂಗು, ಅದರ ಕಂಪನಶಕ್ತಿಯನ್ನು ಶಾಖವಾಗಿ ಮಾರ್ಪಡಿಸಿ ಬೇಗ ಶಮನಗೊಳಿಸುವ ಷಾಕ್ ಅಬ್ಸಾರ್ಬರು, ಇವೆರಡನ್ನೂ ಜೊತೆಯಾಗಿಯೇ ಆರಿಸಬೇಕು.

ಹಿಂದಿನ ಎರಡು ಗಾಲಿಗಳೂ ಒಂದೇ ಗಟ್ಟಿ ಅಚ್ಚಿಗೆ ಸೇರಿವೆ. ಈ ಅಚ್ಚು ಅತ್ತಿತ್ತ ಸರಿಯದಂತೆ ಪ್ಯಾನ್‌ಹಾರ್ಡ್ ದಂಡ ಎಂಬುದು ಅದನ್ನು ಚೌಕಟ್ಟಿಗೆ ಅಡ್ಡಲಾಗಿ ಬಂಧಿಸುತ್ತದೆ. ಅಚ್ಚು ಮೇಲೆಕೆಳಗೆ ಆಡುವಾಗ ದಂಡದ ತುದಿ ಒಂದು ಕಂಸದಲ್ಲಿ ಚಲಿಸಿ ಅಚ್ಚನ್ನು ಪಕ್ಕಕ್ಕೆ ಸ್ವಲ್ಪ ಎಳೆಯುತ್ತದೆ. ಸಿ-10ರ ಮೂಲ ದಂಡ ಗಿಡ್ಡವಾದುದು. ಅದರ ಉದ್ದವನ್ನು ಇಮ್ಮಡಿಸಿದರೆ ಈ ಪಕ್ಕದ ಚಲನೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಆಂಟಿ-ರೋಲ್ ಬಾರು

ಎಡಬಲ ಗಾಲಿಗಳನ್ನು ಜೋಡಿಸುವ ಉಕ್ಕಿನ ಸಲಾಕಿಯೇ ಆಂಟಿ-ರೋಲ್ ಬಾರು. ಎರಡು ಗಾಲಿಗಳೂ ಒಟ್ಟಿಗೆ ಏರಿದರೆ ಅದು ಸುಮ್ಮನಿರುತ್ತದೆ. ಒಂದು ಏರಿ ಇನ್ನೊಂದು ಇಳಿದರೆ ತಿರುಚಿಕೊಂಡು ವಾಲುವಿಕೆಯನ್ನು ವಿರೋಧಿಸುತ್ತದೆ. ತಿರುಚಿಗೆ ಅದು ಒಡ್ಡುವ ಪ್ರತಿರೋಧ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾದುದು. 25 ಮಿಲಿಮೀಟರ್ ಸಲಾಕಿಯ ಬದಲು 32 ಮಿಲಿಮೀಟರ್ ಸಲಾಕಿ ಹಾಕಿದರೆ ಗಡುಸುತನ ಸುಮಾರು 2.7ರಷ್ಟಾಗುತ್ತದೆ.

ಮೈ ಕಡಿಮೆ ವಾಲಿದರೆ ಟೈರುಗಳು ನೆಲಕ್ಕೆ ನೆಟ್ಟಗೆ ಕುಳಿತಿರುತ್ತವೆ. ಆದರೆ ಈ ಸಲಾಕಿಗೆ ಇನ್ನೊಂದು ಗುಣವುಂಟು. ಒಟ್ಟು ವರ್ಗಾವಣೆಯಲ್ಲಿ ಮುಂದಿನ ಜೋಡಿಗೆಷ್ಟು ಪಾಲು, ಹಿಂದಿನ ಜೋಡಿಗೆಷ್ಟು ಪಾಲು ಎಂಬುದನ್ನು ಅದು ಬದಲಿಸುತ್ತದೆ. ಮುಂದಿನ ಸಲಾಕಿಯನ್ನು ದಪ್ಪಗೊಳಿಸಿದರೆ ಮುಂಗಾಲಿಗಳ ಹಿಡಿತ ಕುಗ್ಗಿ, ಟ್ರಕ್ಕು ತಿರುಗಲೊಲ್ಲದೆ ನೇರವಾಗಿ ಜಾರುತ್ತದೆ. ಹಿಂದಿನದನ್ನು ದಪ್ಪಗೊಳಿಸಿದರೆ ಮೂತಿ ಚೆನ್ನಾಗಿ ತಿರುಗುತ್ತದೆ. ಆದರೆ ಹಗುರವಾದ ಒಳಗಡೆಯ ಹಿಂಗಾಲಿ ನೆಲ ಬಿಟ್ಟು ವ್ಯರ್ಥವಾಗಿ ಸುತ್ತಬಹುದು, ಬಾಲವೂ ಹೊರಕ್ಕೆ ಹಾರಬಹುದು. ಆದ್ದರಿಂದ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕಾಲವನ್ನು ಅಳೆದು, ಅನಂತರ ಮುಂದಿನದಕ್ಕೆ ಕೈಹಾಕುವುದು ಲೇಸು. ಪ್ರಯೋಗಶಾಲೆಯ ನಿಯಮವೂ ಇದೇ ಅಲ್ಲವೇ?

ನಮ್ಮ ಘಟ್ಟದ ರಸ್ತೆಯಲ್ಲಿ

ಇದೇ ಲೆಕ್ಕವನ್ನು ಪಶ್ಚಿಮ ಘಟ್ಟದ ತಿರುವೊಂದರಲ್ಲಿ ಇಳಿಯುತ್ತಿರುವ ಹುಲ್ಲಿನ ಲಾರಿಗೂ ಅನ್ವಯಿಸಬಹುದು. ಗಾಲಿಗಳ ಅಂತರ 180 ಸೆಂಟಿಮೀಟರ್, ಎತ್ತರವಾಗಿ ಹೇರಿದ್ದರಿಂದ ಗುರುತ್ವಕೇಂದ್ರವೂ 180 ಸೆಂಟಿಮೀಟರ್ ಮೇಲಿದ್ದರೆ ಸ್ಥಿರತಾಂಕ 0.5. ಒಣಗಿದ ಡಾಂಬರಿನ ಮೇಲೆ ಘರ್ಷಣಾಂಕ ಇದಕ್ಕಿಂತ ಹೆಚ್ಚಾದುದರಿಂದ ಈ ಲಾರಿ ಜಾರಿ ಎಚ್ಚರಿಕೆ ಕೊಡುವುದಿಲ್ಲ, ನೇರವಾಗಿ ಉರುಳುತ್ತದೆ. ಓರೆಯಿಲ್ಲದ 30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಇದಕ್ಕೆ ಗಂಟೆಗೆ ಸುಮಾರು 44 ಕಿಲೋಮೀಟರ್ ವೇಗ ಸಾಕು. ಹೇರು ಓಲಾಡಿದರೆ ಅಷ್ಟೂ ಬೇಕಾಗಿಲ್ಲ. ಹೇರನ್ನು ತಗ್ಗಿಸಿ ಗುರುತ್ವಕೇಂದ್ರವನ್ನು 150 ಸೆಂಟಿಮೀಟರಿಗೆ ತಂದರೆ ಈ ಮಿತಿ ಎಷ್ಟಾಗುತ್ತದೆಂಬುದನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಬಹುದು.