ತೆರಿಗೆಯವರಿಗೆ ಯಾವ ವಿಳಾಸ ಕೊಡೋದು?

ನಮ್ಮ ದೊಡ್ಡಪ್ಪನ ಮಗ ಇಂಜಿನಿಯರಿಂಗ್ ಮುಗಿಸಿ ಎಂ.ಎಸ್. ಮಾಡೋಕೆ ಜರ್ಮನಿಗೆ ಹೋದ. ಏಳನೇ ಸೆಮಿಸ್ಟರಿನಲ್ಲಿ ಆರು ತಿಂಗಳು ಇಂಟರ್ನ್‌ಶಿಪ್ ಮಾಡಿದ್ದ. ತಿಂಗಳಿಗೆ ಮೂವತ್ತು ಸಾವಿರ ಸ್ಟೈಪೆಂಡು, ಅದರಲ್ಲಿ 10% ಟಿಡಿಎಸ್. ಅಂದರೆ 18,000 ರೂಪಾಯಿ ವಾಪಸ್ ಬರಬೇಕಿತ್ತು. ಜುಲೈನಲ್ಲಿ ರಿಟರ್ನ್ ಹಾಕಿ ವಿಮಾನ ಹತ್ತಿದ. ಆದರೆ ಫಾರಂ ತಪ್ಪಾಗಿತ್ತು. ವೃತ್ತಿಯ ಶುಲ್ಕ ಅಂತ ಟಿಡಿಎಸ್ ಕಡಿದಿದ್ದ ಹಣಕ್ಕೆ, ಸಂಬಳದವರು ತುಂಬುವ ಐಟಿಆರ್-1 ತುಂಬಿದ್ದ. ‘ದೋಷವಿದೆ, 15 ದಿನದೊಳಗೆ ಸರಿಪಡಿಸಿ’ ಅಂತ ಇಲಾಖೆಯಿಂದ ಮೇಲ್ ಬಂತು. ಬಂದಿದ್ದು ಕಾಲೇಜಿನ ಮೇಲ್ ಐಡಿಗೆ. ಬ್ಯಾಚ್ ಹೊರಬಿದ್ದ ಮೇಲೆ ಆ ಐಡಿ ಮುಚ್ಚಿಹೋಗಿತ್ತು. ಎಸ್ಎಂಎಸ್ ಹೋಗಿದ್ದು ರೀಚಾರ್ಜ್ ಇಲ್ಲದೆ ಸತ್ತ ಸಿಮ್ಮಿಗೆ. ಪ್ಯಾನ್‌ನಲ್ಲಿದ್ದ ವಿಳಾಸ ಬೆಂಗಳೂರಿನ ಪಿಜಿಯದು, ಅಲ್ಲಿ ಇವನ ಮಂಚದ ಮೇಲೆ ಆಗಲೇ ಇನ್ನೊಬ್ಬ ಮಲಗಿದ್ದ. ಮುಂದಿನ ವರ್ಷ ಪೋರ್ಟಲ್ ತೆಗೆದು ನೋಡಿದರೆ ರಿಟರ್ನ್ ಅಸಿಂಧು! ವಿಳಂಬ ಮನ್ನಿಸಿ ಅಂತ ಅರ್ಜಿ ಹಾಕುವ ದಾರಿ ಇದೆ, ಈಗ ಅದರಲ್ಲೇ ಓಡಾಡ್ತಿದ್ದಾನೆ.

ಮೂರು ವಿಳಾಸ ಕೊಟ್ಟಿದ್ದ, ಮೂರರಲ್ಲೂ ಅವನಿರಲಿಲ್ಲ. ನಮ್ಮಲ್ಲಿ ಬಹಳಷ್ಟು ಜನ ಫೈನಲ್ ಇಯರ್‌ನಲ್ಲಿ ಇದೇ ಸ್ಥಿತಿಯಲ್ಲಿರ್ತೀವಿ ಅಂತ ಇದನ್ನು ಬರೀತಿದ್ದೀನಿ.

ಮೊದಲು ಕಾನೂನು. ನೋಟಿಸನ್ನು ಎಲ್ಲಿಗೆ ಕಳಿಸಬೇಕು ಅಂತ 1962ರ ಆದಾಯ ತೆರಿಗೆ ನಿಯಮಗಳಲ್ಲಿ 127ನೇ ನಿಯಮ ಹೇಳುತ್ತೆ: ಪ್ಯಾನ್ ದಾಖಲೆಯ ವಿಳಾಸ, ಆ ರಿಟರ್ನ್‌ನಲ್ಲಿ ಬರೆದ ವಿಳಾಸ, ಅಥವಾ ಹಿಂದಿನ ರಿಟರ್ನ್‌ನ ವಿಳಾಸ. ಅಲ್ಲೆಲ್ಲೂ ತಲುಪಿಸಲಾಗದಿದ್ದರೆ ಬ್ಯಾಂಕಿಗೆ, ಅಂಚೆ ಇಲಾಖೆಗೆ, ವಿಮೆಯವರಿಗೆ ಕೊಟ್ಟ ವಿಳಾಸಕ್ಕೂ ಕಳಿಸಬಹುದು. ರಿಟರ್ನ್‌ನಲ್ಲಿ ಕೊಟ್ಟ ಇಮೇಲ್ ಕೂಡ ವಿಳಾಸವೇ. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಅಂತ ಗೊತ್ತಾಗಿದೆ, ಆದರೆ ಹಳೆಯ ವರ್ಷಗಳ ಲೆಕ್ಕ ಹಳೆಯ ಕಾಯ್ದೆಯಲ್ಲೇ ನಡೆಯುತ್ತೆ. ಎರಡರಲ್ಲೂ ನಮಗೆ ಬೇಕಾದ ಮಾತು ಒಂದೇ. ನೀವೇ ಕೊಟ್ಟ ವಿಳಾಸಕ್ಕೆ ಸರಿಯಾಗಿ ಕಳಿಸಿದ್ದರೆ, ಸಾಮಾನ್ಯವಾಗಿ ಅದು ತಲುಪಿದಂತೆಯೇ. ‘ನಾನು ಊರಲ್ಲಿರಲಿಲ್ಲ ಸಾರ್’ ಅನ್ನೋದು ಸುಲಭಕ್ಕೆ ನಡೆಯಲ್ಲ. ಉತ್ತರ ಕೊಡದಿದ್ದರೆ ಅಧಿಕಾರಿ ತನ್ನ ಹತ್ತಿರವಿರುವ ಮಾಹಿತಿ ಮೇಲೆ ತೆರಿಗೆ ಕಟ್ಟಬಹುದು. ಅದರ ಮೇಲ್ಮನವಿಗೆ ಸಿಗೋದು 30 ದಿನ, ಎಣಿಕೆ ಶುರುವಾಗೋದು ನೋಟಿಸು ತಲುಪಿದ ದಿನದಿಂದ.

ಹಾಗಾದರೆ ಯಾವುದು ಕೊಡೋದು? ಪ್ಯಾನ್‌ಗೆ ವಿದೇಶದ ವಿಳಾಸವನ್ನೂ ಕೊಡಬಹುದು, ತಪ್ಪೇನಿಲ್ಲ. ಆದರೆ ಅಲ್ಲಿ ವಿದ್ಯಾರ್ಥಿಗಳು ವರ್ಷಕ್ಕೊಂದು ಮನೆ ಬದಲಾಯಿಸ್ತಾರೆ. ಪಿಜಿ ವಿಳಾಸವಂತೂ ಬೇಡವೇ ಬೇಡ. ‘ಫ್ರೆಂಡ್ ರೂಮು’ ಕೂಡ ಅಷ್ಟೇ, ಅವನೂ ನಾಳೆ ಕೆನಡಾಕ್ಕೆ ಹೊರಡ್ತಾನೆ. ನನ್ನ ಓಟು ಊರಿನ ಮನೆಗೆ.

ನಮ್ಮೂರು ತಳಕು, ಚಳ್ಳಕೆರೆ ತಾಲೂಕು. ತ.ರಾ.ಸು. ಅವರ ಹೆಸರಿನ ‘ತ’, ಟಿ.ಎಸ್. ವೆಂಕಣ್ಣಯ್ಯನವರ ‘ಟಿ’ ಎರಡೂ ಇದೇ ಊರು. ಅವರು ಎಲ್ಲಿಗೇ ಹೋಗಲಿ, ವಿಳಾಸವನ್ನು ಇನಿಷಿಯಲ್‌ನಲ್ಲೇ ಇಟ್ಟುಕೊಂಡು ಓಡಾಡಿದರು! ಶೇಂಗಾ ಹೊಲದ ಊರಿನಲ್ಲಿ ಅಂಚೆಯಣ್ಣನಿಗೆ ಬಾಗಿಲ ನಂಬರು ಬೇಕಿಲ್ಲ, ‘ಇಂಥೋರ ಮಗ’ ಅಂದರೆ ಸಾಕು. ಆದರೆ ಒಂದು ತೊಡಕಿದೆ. ಕನ್ನಡದಲ್ಲೇ ತಳಕು, ತಳುಕು ಅಂತ ಎರಡು ಥರ ಬರೀತಾರೆ. ಇಂಗ್ಲಿಷ್ ಅಕ್ಷರಕ್ಕೆ ಬಂದರೆ ಕೇಳಲೇಬೇಡಿ, ಆಧಾರ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು. ಆಧಾರ್‌ನಲ್ಲಿರುವ ಥರವೇ ಎಲ್ಲ ಕಡೆ ಬರೆಯಿರಿ. ತಂದೆಯ ಹೆಸರು, ಅಂಚೆ ಕಚೇರಿ, ಪಿನ್‌ಕೋಡ್ ಬಿಡಬೇಡಿ. ಆಧಾರ್‌ನಲ್ಲಿ ಊರಿನ ವಿಳಾಸವಿದ್ದರೆ ಪ್ಯಾನ್‌ನ ವಿಳಾಸವನ್ನು ಆಧಾರ್ ಇ-ಕೆವೈಸಿ ಮೂಲಕ ಆನ್‌ಲೈನ್‌ನಲ್ಲೇ ಬದಲಿಸಬಹುದು. ಓಟಿಪಿ ಬರೋದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ, ಹಾಗಾಗಿ ಇದನ್ನು ಹೊರಡುವ ಮುಂಚೆಯೇ ಮುಗಿಸಿ. ಆ ಸಿಮ್ಮನ್ನು ಸಾಯಲು ಬಿಡಬೇಡಿ. ಪೋರ್ಟಲ್‌ನಲ್ಲಿ ಕಾಲೇಜಿನ ಮೇಲ್ ತೆಗೆದು ಸ್ವಂತದ್ದು ಹಾಕಿ. ನನ್ನ ಪ್ರಕಾರ ಈಗ ಇದೇ ನಿಜವಾದ ವಿಳಾಸ, ಮನೆ ವಿಳಾಸ ಎರಡನೆಯದು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ‘ಊರಿನ ವಿಳಾಸ ಕೊಟ್ಟರೆ ಭಾರತದ ನಿವಾಸಿ ಅಂತ ಅಂದುಕೊಂಡು ಅಲ್ಲಿನ ಸಂಬಳಕ್ಕೂ ಇಲ್ಲಿ ತೆರಿಗೆ ಹಾಕ್ತಾರಾ?’ ಇಲ್ಲ. ನಿವಾಸಿಯೋ ಅಲ್ಲವೋ ಅನ್ನೋದು ಆ ವರ್ಷ ಇಲ್ಲಿ ಎಷ್ಟು ದಿನ ಇದ್ದಿರಿ ಅನ್ನೋದರ ಮೇಲೆ ತೀರ್ಮಾನ ಆಗುತ್ತೆ, 182 ದಿನ ಅದರ ಮುಖ್ಯ ಗೆರೆ. ಪತ್ರ ಬರುವ ವಿಳಾಸ ಬೇರೆ, ವಾಸದ ವಿಳಾಸ ಬೇರೆ. ಅನಿವಾಸಿ ಆದ ಮೇಲೆ ಐಟಿಆರ್-1 ನಡೆಯಲ್ಲ, ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು. ಆಗ ಬ್ಯಾಂಕು ‘ವಾಸ ಎಲ್ಲಿ’ ಅಂತ ಕೇಳಿದರೆ ನಿಜವಾಗಿ ವಾಸವಿರುವ ಮನೆಯನ್ನೇ ಬರೆಯಿರಿ. ಪತ್ರದ ಜಾಗದಲ್ಲಿ ತಳಕು ಇರಲಿ.

ಹೋದ ದೇಶದ ತೆರಿಗೆಗೆ ಮಾತ್ರ ಊರಿನ ವಿಳಾಸ ಉಪಯೋಗಕ್ಕೆ ಬರಲ್ಲ. ಜರ್ಮನಿಯಲ್ಲಿ ಮನೆ ನೋಂದಾಯಿಸಿದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲೇ ಬರುತ್ತೆ. ಅಂಚೆಪೆಟ್ಟಿಗೆ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗಬಹುದು. ಅಮೆರಿಕದಲ್ಲಿ ಅಲ್ಲಿನ ತೆರಿಗೆ ಇಲಾಖೆ, ಐಆರ್‌ಎಸ್, ಕೊನೆಯದಾಗಿ ಗೊತ್ತಿರುವ ವಿಳಾಸಕ್ಕೆ ಕಳಿಸುತ್ತೆ. ಮನೆ ಬದಲಿಸಿದರೆ ಫಾರಂ 8822 ತುಂಬಬೇಕು. ತೆರಿಗೆ ಕೊರತೆಯ ನೋಟಿಸಿಗೆ ಅಲ್ಲಿನ ತೆರಿಗೆ ನ್ಯಾಯಾಲಯಕ್ಕೆ ಹೋಗಲು 90 ದಿನ, ನೋಟಿಸು ದೇಶದ ಹೊರಗಿರುವವರ ಹೆಸರಿಗೆ ಹೋದರೆ 150 ದಿನ. ದೂರಕ್ಕೆ ಇಷ್ಟಾದರೂ ರಿಯಾಯಿತಿ ಕೊಟ್ಟಿದ್ದಾರಲ್ಲ ಅನ್ನಿಸಿತು.

ಊರಿನ ಮನೆ ಆರಿಸಿದರೆ ಮನೆಯವರಿಗೂ ಹೇಳಿಕೊಡಬೇಕು. ನಮ್ಮಪ್ಪನಿಗೆ ಇಂಗ್ಲಿಷ್ ಕಾಗದ ಬಂದರೆ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಡುವ ಅಭ್ಯಾಸ, ‘ನೀ ಬಂದಾಗ ನೋಡೀಯಂತೆ ಬಿಡು.’ ಈಗ ಒಪ್ಪಂದ ಆಗಿದೆ. ಯಾವ ಲಕೋಟೆ ಬಂದರೂ ಅದೇ ದಿನ ಒಡೆಯೋದು, ಪ್ರತಿ ಹಾಳೆಯ ಎರಡೂ ಬದಿ ಫೋಟೋ ತೆಗೆಯೋದು, ಲಕೋಟೆಯ ಮೇಲಿನ ಅಂಚೆ ಮುದ್ರೆಯ ತಾರೀಖು ಕಾಣುವಂತೆ ಇನ್ನೊಂದು ಫೋಟೋ, ಎಲ್ಲವನ್ನೂ ವಾಟ್ಸಾಪ್‌ಗೆ ಹಾಕೋದು. ಹೋದ ವಾರ ಒಂದು ಬಂತು. ತೆರಿಗೆಯದಲ್ಲ, ಟ್ರ್ಯಾಕ್ಟರ್ ಸಾಲದ ಜಾಹೀರಾತು. ಎರಡೂ ಬದಿ ಕಳಿಸಿದ್ದರು.