ಬ್ಲಾಕ್ ಯಾರನ್ನು, ಮ್ಯೂಟ್ ಯಾರನ್ನು?

ಪ್ರಶ್ನೆ: ನಮ್ಮೂರು ಮಹಾರಾಷ್ಟ್ರದ ಯಡ್ರಾವ, ನನ್ನ ತವರು ಚಿಕ್ಕೋಡಿ ಕಡೆ. ಮನೆಯವರು ಪಾವರ್‌ಲೂಮ್‌ನಲ್ಲಿದ್ದಾರೆ, ಆಗಾಗ ರಾತ್ರಿ ಪಾಳಿ. ನವೆಂಬರ್ 1ರಂದು ರಾಜ್ಯೋತ್ಸವದ ಶುಭಾಶಯ ಹಾಕಿದ್ದೆ. ಅಂದಿನಿಂದ ನಾದಿನಿಯ ಗಂಡ ನಾನು ಏನು ಹಾಕಿದರೂ ‘ಮಹಾರಾಷ್ಟ್ರದ ಅನ್ನ ತಿಂದು ಕರ್ನಾಟಕದ ಗುಣಗಾನವೇ?’ ಎಂದು ಫೇಸ್‌ಬುಕ್‌ನಲ್ಲಿ ಎಲ್ಲರೆದುರು ಬರೆಯುತ್ತಾರೆ. ಬ್ಲಾಕ್ ಮಾಡಿಬಿಡಲೇ? ಇನ್ನೊಂದು: ಗುರುತಿಲ್ಲದವನೊಬ್ಬ ಇನ್‌ಸ್ಟಾಗ್ರಾಂನಲ್ಲಿ ಅಪರಾತ್ರಿ ಮೆಸೇಜ್ ಕಳಿಸುತ್ತಾನೆ. ಬೇಡವೆಂದರೂ ಬಿಡುತ್ತಿಲ್ಲ. ಅವನನ್ನು ಮ್ಯೂಟ್ ಮಾಡಿ ಸುಮ್ಮನಿದ್ದೇನೆ. ಮನೆಯಲ್ಲಿ ಹೇಳಿಲ್ಲ.

ಉತ್ತರ: ತಂಗಿ, ನಿಮ್ಮ ಲೆಕ್ಕ ಅದಲುಬದಲಾಗಿದೆ. ಬ್ಲಾಕ್ ಆಗಬೇಕಾದವನು ಆ ಅಪರಿಚಿತ, ನಾದಿನಿಯ ಗಂಡ ಅಲ್ಲ.

ಬೀಗರನ್ನು ಬ್ಲಾಕ್ ಮಾಡಿದರೆ ಅದು ಗುಟ್ಟಾಗಿ ಉಳಿಯುವುದಿಲ್ಲ. ವಾಟ್ಸಾಪ್‌ನಲ್ಲೂ ಬ್ಲಾಕ್ ಮಾಡಿದರೆ ಅವರ ಮೆಸೇಜಿಗೆ ಒಂದೇ ಟಿಕ್ ನಿಲ್ಲುತ್ತದೆ, ಕರೆ ತಲುಪುವುದಿಲ್ಲ, ನಿಮ್ಮ ಸ್ಟೇಟಸ್ ಕಾಣುವುದಿಲ್ಲ. ಅಷ್ಟಾದರೂ ಮನೆಮಂದಿಯ ಗ್ರೂಪ್‌ನಲ್ಲಿ ಅವರು ಬರೆದದ್ದು ನಿಮಗೆ ಬರುತ್ತಲೇ ಇರುತ್ತದೆ. ಅಂದರೆ ಜಗಳ ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. ಜಾತ್ರೆಗೋ ಮದುವೆಗೋ ಎದುರಾದಾಗ ನಡುವೆ ಸಿಕ್ಕಿಕೊಳ್ಳುವವಳು ನಿಮ್ಮ ನಾದಿನಿ.

ಆದರೆ ಬರೀ ಮ್ಯೂಟ್ ಕೂಡ ಸಾಲದು. ಅವರು ಹಾಕಿದ್ದು ನಿಮಗೆ ಕಾಣದಂತೆ ಮಾಡುತ್ತದೆಯೇ ಹೊರತು, ನಿಮ್ಮ ಪೋಸ್ಟಿನ ಕೆಳಗೆ ಬರೆಯುವ ಅವರ ಕೈ ತಡೆಯುವುದಿಲ್ಲ. ಅದಕ್ಕೆ ಫೇಸ್‌ಬುಕ್‌ನಲ್ಲಿ ಅವರನ್ನು ‘ರಿಸ್ಟ್ರಿಕ್ಟೆಡ್’ ಪಟ್ಟಿಗೆ ಸೇರಿಸಿ. ಸ್ನೇಹಿತರಾಗಿಯೇ ಉಳಿಯುತ್ತಾರೆ, ‘ಪಬ್ಲಿಕ್’ ಅಲ್ಲದ ನಿಮ್ಮ ಪೋಸ್ಟ್‌ಗಳು ಅವರಿಗೆ ಕಾಣುವುದಿಲ್ಲ. ಪಟ್ಟಿಗೆ ಸೇರಿಸಿದ ಸೂಚನೆಯೂ ಹೋಗುವುದಿಲ್ಲ. ವಾಟ್ಸಾಪ್ ಸ್ಟೇಟಸ್‌ಗೂ ಇಂಥವರನ್ನು ಬಿಟ್ಟು ಉಳಿದವರಿಗೆ ತೋರಿಸುವ ಸೌಲಭ್ಯವಿದೆ.

ಶುಭಾಶಯ ಹಾಕಿದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಭಾಷಾವಾರು ರಾಜ್ಯಗಳಾದ 1956ರ ನವೆಂಬರ್ 1 ಗಡಿಭಾಗದಲ್ಲಿ ಕೆಲವರಿಗೆ ಹಬ್ಬ, ಕೆಲವರಿಗೆ ಕರಾಳ ದಿನ. ಈ ಗಡಿ ವ್ಯಾಜ್ಯ ಹೊತ್ತು ಮಹಾರಾಷ್ಟ್ರ ಸರ್ಕಾರ 2004ರಲ್ಲೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದೆ. ಅದರ ವಾದವನ್ನು ನಿಮ್ಮ ಫೋಟೋ ಕೆಳಗೆ ನಡೆಸಬೇಕಾಗಿಲ್ಲ. ಅಲ್ಲಿ ಮರುಉತ್ತರ ಬರೆಯಲೇಬೇಡಿ. ಮುಂದಿನ ಸಲ ಭೇಟಿಯಾದಾಗ, ಊಟಕ್ಕೆ ಬಡಿಸುತ್ತಲೇ ಆದರೂ ಸರಿ, ‘ಎಲ್ಲರೆದುರು ಹಾಗೆ ಬರೆದದ್ದು ಮನಸ್ಸಿಗೆ ನೋವಾಯಿತು’ ಎಂದು ನೇರವಾಗಿ ಹೇಳಿ. ಸಂಬಂಧಿಕರಲ್ಲಿ ಬಹಳ ಮಂದಿ ಮೊಬೈಲಿನಲ್ಲಿ ಆಡುವ ಮಾತನ್ನು ಮುಖ ನೋಡಿ ಆಡಲಾರರು.

ಆ ಅಪರಿಚಿತನ ವಿಷಯ ನನಗೆ ಹೆಚ್ಚು ಆತಂಕ ತಂದಿದೆ. ಮ್ಯೂಟ್ ಮಾಡಿದರೆ ಸದ್ದು ನಿಲ್ಲುತ್ತದೆ, ಬಾಗಿಲು ತೆರೆದೇ ಇರುತ್ತದೆ. ನೀವು ಬೇಡವೆಂದದ್ದು, ಅವನ ಮೆಸೇಜ್‌ಗಳು, ತಾರೀಖು, ಖಾತೆಯ ಹೆಸರು ಎಲ್ಲವೂ ಕಾಣುವಂತೆ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ. ಅವನು ಹೊಸದಾಗಿ ತೆರೆಯಬಹುದಾದ ಖಾತೆಗಳನ್ನೂ ಸೇರಿಸಿ ಬ್ಲಾಕ್ ಮಾಡುವ ಆಯ್ಕೆ ಇನ್‌ಸ್ಟಾಗ್ರಾಂನಲ್ಲಿದೆ, ಅದನ್ನೇ ಒತ್ತಿ. ಹೆಣ್ಣು ಬೇಡವೆಂದು ಸ್ಪಷ್ಟಪಡಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ಬೆದರಿಕೆ ಬಂದರೆ 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮನೆಯಲ್ಲೇ ಕುಳಿತು ದೂರು ಕೊಡಬಹುದು.

ಇದನ್ನು ಯಜಮಾನರಿಂದ ಮುಚ್ಚಿಡಬೇಡಿ. ಇವತ್ತು ಅವರು ಪಾಳಿಗೆ ಹೊರಡುವ ಮೊದಲೇ ಆ ಸ್ಕ್ರೀನ್‌ಶಾಟ್‌ಗಳನ್ನು ತೋರಿಸಿ.