ತಪ್ಪು ಯಾವ ಮರದ್ದು?

ನಮ್ಮ ಮನೆಯಂಗಳದ ಕಲ್ಲುಚಪ್ಪಡಿಗಳು ಒಂದೊಂದಾಗಿ ಮೇಲೆದ್ದುವು. 6 ಅಡಿ ದೂರದಲ್ಲಿ ಬೇವಿನ ಮರ. 40 ಅಡಿಯಾಚೆ, ಬಾವಿಯ ಬಳಿ, ಅರಳಿ. ಹತ್ತಿರವಿರುವುದೇ ಅಪರಾಧಿಯೆಂದು ಮನೆಯ ಹಿರಿಯರು ಬೇವನ್ನು ಕಡಿಸಲು ನಿಶ್ಚಯಿಸಿದರು. ನಾನು ಒಂದು ದಿನದ ಅವಕಾಶ ಬೇಡಿದೆನು.

ಬೇರುಗಳೆಲ್ಲ ನೇರವಾಗಿ ಪಾತಾಳಕ್ಕಿಳಿಯುತ್ತವೆಂಬುದು ತಪ್ಪು ತಿಳಿವಳಿಕೆ. ಬೆಳೆದ ಮರದ ಹೆಚ್ಚಿನ ಬೇರುಗಳು ಮೇಲಿನ 2–3 ಅಡಿ ಮಣ್ಣಿನಲ್ಲಿಯೇ, ಕೊಂಬೆಗಳ ನೆರಳನ್ನೂ ದಾಟಿ ಹರಡುತ್ತವೆ. ಚಪ್ಪಡಿಯ ಅಡಿಯಲ್ಲಿ ತೇವ ಬೇಗನೆ ಆರದು. ಸಂದಿನಲ್ಲಿ ಗಾಳಿಯೂ ಆಡುವುದು. ಅಲ್ಲಿಗೆ ನುಸುಳಿದ ಎಳೆಬೇರು ವರ್ಷವರ್ಷವೂ ದಪ್ಪವಾಗಿ ಕಲ್ಲನ್ನೆತ್ತುತ್ತದೆ. ಆದುದರಿಂದ ದೂರವೊಂದೇ ಸಾಕ್ಷಿಯಾಗಲಾರದು.

ತಂದೆಯವರೂ ನಾನೂ ಹಾರೆಯಿಂದ ಒಂದು ಚಪ್ಪಡಿಯನ್ನು ಮೀಟಿ ತೆಗೆದೆವು. ಮಣಿಕಟ್ಟಿನ ಗಾತ್ರದ ಬೇರು ಕಂಡಿತು. ಅದರ ತೊಗಟೆಯನ್ನು ಉಗುರಿನಷ್ಟು ಕೆತ್ತಿದೊಡನೆ ಬಿಳಿಯ ಹಾಲು ಒಸರಿತು. ಆಲ, ಅರಳಿ, ಅತ್ತಿಗಳು ಒಂದೇ ಕುಲದವು, ಮೂರರಲ್ಲಿಯೂ ಹಾಲುಂಟು. ಬೇವಿನಲ್ಲಿ ಅದಿಲ್ಲ, ಅದರ ತೊಗಟೆ ಬರಿಯ ಕಹಿ. ಸಂಶಯ ಉಳಿಯಬಾರದೆಂದು ಜಾಡು ಹಿಡಿದು ಅಲ್ಲಲ್ಲಿ ಗುಳಿ ತೋಡಿದೆವು. ಬುಡದತ್ತ ಹೋದಂತೆ ಬೇರು ದಪ್ಪವಾಗುವುದು ನಿಯಮ. ಇದು ದಪ್ಪವಾಗುತ್ತ ಹೋದದ್ದು ಬಾವಿಯ ಕಡೆಗೆ!

ಹಾಗಾದರೆ ಅರಳಿಯನ್ನು ಕಡಿಯಬೇಕೆ? ಅದೂ ಬೇಡ. ಬುಡದ ಸಮೀಪದ ದೊಡ್ಡ ಬೇರನ್ನು ಕಡಿದರೂ ಮರವು ಬಿರುಗಾಳಿಗೆ ಉರುಳೀತು. ಚಪ್ಪಡಿಗಳನ್ನು ತೆಗೆದು, ಬೇರಿನ ಮೇಲೆ ಮರಳು ಹಾಸಿ, ಅಂಗಳವನ್ನು ಸ್ವಲ್ಪ ಎತ್ತರಿಸಿ ಮತ್ತೆ ಕೂಡಿಸಿದೆವು. ಬೇರು ಬೆಳೆದಾಗ ಮತ್ತೊಮ್ಮೆ ಹಾಗೆಯೇ ಮಾಡಬೇಕಾದೀತು, ಆಗಲಿ. ಬೇವು ಇಂದಿಗೂ ನಮಗೆ ನೆರಳು ಕೊಡುತ್ತಿದೆ.

ಕೊಡಲಿಗೆ ಮೊದಲು ಗುದ್ದಲಿ ಹಿಡಿಯಬೇಕೆಂಬುದೇ ನಾನು ಕಲಿತ ಪಾಠ.